ರೋಸಲಿಯ ಕುಂಬಳಕಾಯಿ

ಭದ್ರಾವತಿ: ಹೊರಡುವ ಮುಂಚೆ

ನಾನು ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮನೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ವಾಪಸು ಬರುವುದೇ ಇಷ್ಟು ವರ್ಷ ನಾನು ಮಾಡಿದ ದೊಡ್ಡ ಪ್ರಯಾಣ. ಮಕ್ಕಳನ್ನು ಕರೆದುಕೊಂಡು ಹಂಪಿ, ಬೇಲೂರಿಗೆ ಹೋಗಿದ್ದೇನೆ, ನಿಜ. ಆದರೆ ಅಲ್ಲಿ ನಾನು ನೋಡಿದ್ದು ಶಿಲ್ಪಗಳನ್ನಲ್ಲ, ಬಸ್ಸು ಹತ್ತುವಾಗಲೂ ಇಳಿಯುವಾಗಲೂ ಮಕ್ಕಳ ತಲೆಗಳನ್ನು.

ಅಂಥವಳಿಗೆ ಮಾರಿಷಸ್ಸಿಗೆ ಹೋಗುವ ಯೋಗ ಬಂದದ್ದು ಒಂದು ಇ-ಮೇಲಿನಿಂದ. ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳ ಇತಿಹಾಸ ಶಿಕ್ಷಕರಿಗೆ ಅಲ್ಲೊಂದು ಕಾರ್ಯಾಗಾರ ಇತ್ತು. ಗುಲಾಮರು ತಮ್ಮ ಒಡೆಯರನ್ನು ಹೇಗೆಲ್ಲ ಎದುರಿಸಿದರು ಎಂಬುದನ್ನು ಆ ಕಾಲದ ಮೂಲ ದಾಖಲೆಗಳನ್ನೇ ಮುಂದಿಟ್ಟುಕೊಂಡು ಮಕ್ಕಳಿಗೆ ಕಲಿಸುವುದು ಹೇಗೆ ಎಂಬುದು ವಿಷಯ. ಹೋಗಿಬರುವ ಖರ್ಚು ಅವರದೇ. ನಮ್ಮ ಮುಖ್ಯೋಪಾಧ್ಯಾಯರು ಅದನ್ನು ಸ್ಟಾಫ್ ಗ್ರೂಪಿಗೆ ಹಾಕಿದರು. ದಸರಾ ರಜೆಯಲ್ಲಿ ಎಂದು ಓದಿದ ಕೂಡಲೇ ಉಳಿದವರೆಲ್ಲ ಕೈಮುಗಿದ ಚಿತ್ರ ಕಳಿಸಿ ಸುಮ್ಮನಾದರು. ನಾನು ಅರ್ಜಿ ಹಾಕಿದೆ. ಆಯ್ಕೆಯಾದೆ ಎಂದು ಉತ್ತರ ಬಂದಾಗ ಎಲ್ಲರಿಗಿಂತ ಹೆಚ್ಚು ಬೆರಗಾದವಳು ನಾನೇ.

ಗಣಿತದ ಶ್ರೀಧರ ಮೇಷ್ಟ್ರು ಮಾತ್ರ ಸುಮ್ಮನಿರಲಿಲ್ಲ. "ಅಲ್ಲ ಮೇಡಂ, ಪುಸ್ತಕದಲ್ಲಿ ಗುಲಾಮರಿಗೆ ಇರೋದೇ ಎರಡು ಪ್ಯಾರಾ. ಅಷ್ಟಕ್ಕೆ ಸಮುದ್ರ ದಾಟ್ಬೇಕಾ?" ಅಂದರು. ಅವರಿಗೂ ನನಗೂ ಹಳೆಯದೊಂದು ತಕರಾರಿದೆ. ಒಂಬತ್ತನೇ ತರಗತಿಯಲ್ಲಿ ನನ್ನ ಪೀರಿಯಡ್ ಮುಗಿದ ಮೇಲೆ ಅವರದು. ಬೋರ್ಡಿನ ಮೇಲೆ ನಾನು ಬಿಟ್ಟುಹೋದ ಒಂದು ಚುಕ್ಕಿಯೂ ಅವರಿಗೆ ಆಗದು. ಒದ್ದೆ ಬಟ್ಟೆಯಲ್ಲಿ ಈ ಮೂಲೆಯಿಂದ ಆ ಮೂಲೆಯವರೆಗೆ ಒರೆಸಿ, ಒಣಗುವವರೆಗೆ ಕೈಕಟ್ಟಿ ನಿಂತು, ಆಮೇಲೆಯೇ ಲೆಕ್ಕ ಶುರುಮಾಡುತ್ತಾರೆ. ಇತಿಹಾಸದವರು ಕಸ ಬಿಟ್ಟು ಹೋಗುತ್ತಾರೆ ಎಂಬುದು ಅವರ ದೂರು.

ಒಂಬತ್ತನೇ ತರಗತಿಗೆ ವಿಷಯ ತಿಳಿಸಿದಾಗ ಚಾಕೊಲೇಟು ತನ್ನಿ, ಸಮುದ್ರದ ಫೋಟೊ ಹಾಕಿ ಎಂದೆಲ್ಲ ಬೇಡಿಕೆ ಬಂತು. ಸೆಲ್ವಿ ಎದ್ದು ನಿಂತಳು. ಇವಳ ಅಜ್ಜ ತಮಿಳುನಾಡಿನಿಂದ ಇಲ್ಲಿನ ಕಾರ್ಖಾನೆ ಕೆಲಸಕ್ಕೆ ಬಂದವರು, ಅಪ್ಪ ಆಟೊ ಓಡಿಸುತ್ತಾರೆ. ತರಗತಿಯಲ್ಲಿ ಯಾವುದನ್ನೂ ಸುಲಭಕ್ಕೆ ನಂಬದ ಹುಡುಗಿ.

"ಅವರೇ ಹೇಳಿದ್ದು ಏನಾದ್ರೂ ಇದ್ರೆ ತನ್ನಿ ಮಿಸ್. ಅವರ ಬಗ್ಗೆ ಬೇರೆಯವರು ಬರೆದಿದ್ದು ಬೇಡ" ಅಂದಳು. ಯಾಕೆ ಎಂದು ಕೇಳಿದೆ. "ಹೋದ ವರ್ಷ ನಮ್ಮ ಬೀದಿ ಬಗ್ಗೆ ಪೇಪರಲ್ಲಿ ಬಂದಿತ್ತು. ಒತ್ತುವರಿ, ಗಲೀಜು ಅಂತ. ನಮ್ಮನ್ನ ಯಾರೂ ಒಂದ್ ಮಾತೂ ಕೇಳಿರ್ಲಿಲ್ಲ."

ತರುತ್ತೇನೆ ಎಂದು ಮಾತು ಕೊಟ್ಟೆ. ಹೊರಡುವ ಸಂಭ್ರಮದಲ್ಲಿ ಕೊಟ್ಟ ಮಾತು ಅದು. ಅಂಥದ್ದೊಂದು ಇರುತ್ತದೋ ಇಲ್ಲವೋ ಎಂದು ಆಗ ಯೋಚಿಸಿರಲಿಲ್ಲ.

ಪೋರ್ಟ್ ಲೂಯಿ

ಮುಂಬೈಯಲ್ಲಿ ವಿಮಾನ ಬದಲಿಸಿ ಇಳಿದಾಗ ಮೊದಲು ಕಂಡದ್ದು ಸಮುದ್ರವಲ್ಲ, ಕಬ್ಬು. ಕಡಿಯುವ ಕಾಲ ಅದು. ರಸ್ತೆಯ ಎರಡೂ ಕಡೆ ಕಬ್ಬು, ನಡುನಡುವೆ ಕರಿ ಕಲ್ಲಿನ ದೊಡ್ಡ ದೊಡ್ಡ ಗುಡ್ಡೆಗಳು. ನಮ್ಮ ಕಡೆ ಹೊಲದ ಬದುವಿನಲ್ಲಿ ಕಲ್ಲು ಒಟ್ಟಿರುತ್ತಾರಲ್ಲ, ಅದೇ, ಆದರೆ ಮನೆಯಷ್ಟು ಎತ್ತರ. ಜ್ವಾಲಾಮುಖಿಯ ನೆಲವಂತೆ. ಆ ಕಲ್ಲುಗಳನ್ನೆಲ್ಲ ಮೊದಲು ಗುಲಾಮರು, ಅವರ ನಂತರ ಭಾರತದಿಂದ ಬಂದ ಕೂಲಿಗಳು ಕೈಯಲ್ಲಿ ಆರಿಸಿ ಒಟ್ಟಿದ್ದು ಎಂದು ನಮ್ಮನ್ನು ಕರೆದೊಯ್ಯಲು ಬಂದಿದ್ದ ಮಾರ್ಲಿನ್ ಹೇಳಿದರು. ಕಾರ್ಯಾಗಾರ ನಡೆಸುವವರು ಇವರೇ. ನನಗಿಂತ ಸ್ವಲ್ಪ ಚಿಕ್ಕವರು, ಮಾತು ನಿಧಾನ, ನಡಿಗೆ ಮಾತ್ರ ಓಟ. ಇಲ್ಲಿ ದಾಖಲೆ ಎಂದರೆ ಕಾಗದವೇ ಆಗಬೇಕಿಲ್ಲ, ಅಗೋ ಅದೂ ಒಂದು ಎಂದು ಕಲ್ಲಿನ ಗುಡ್ಡೆ ತೋರಿಸಿದರು. ನಾನು ತಲೆಯಾಡಿಸಿದೆ. ಮನಸ್ಸಿನಲ್ಲಿ, ಕಲ್ಲಿನ ಗುಡ್ಡೆಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಸೆಲ್ವಿಗೆ ತೋರಿಸಲು ಆಗುವುದಿಲ್ಲವಲ್ಲ ಅಂದುಕೊಂಡೆ.

ಊರಿನಲ್ಲಿ ನನ್ನ ಮೊದಲ ಅಪಮಾನ ಮಾರುಕಟ್ಟೆಯಲ್ಲಿ ಆಯಿತು. ತರಕಾರಿ ಮಾರುವ ಹೆಂಗಸು ನೋಡಲು ಥೇಟು ನಮ್ಮ ಭದ್ರಾವತಿಯ ಸಂತೆಯವಳು. ಹಣೆಗೆ ಕುಂಕುಮ, ಅಂಗಡಿಯಲ್ಲಿ ಮುರುಗನ ಪಟ, ಪಕ್ಕದಲ್ಲಿ ಹರಕೆಯ ಕಾವಡಿ ಹೊತ್ತವರ ಫೋಟೊ. ಮಕ್ಕಳ ತಾಯಂದಿರ ಜೊತೆ ಮಾತಾಡಿ ಕಲಿತ ನನ್ನ ತಮಿಳಿನಲ್ಲಿ ಬಾಳೆಹಣ್ಣಿನ ಬೆಲೆ ಕೇಳಿದೆ. ಆಕೆ ನಕ್ಕು ಅವರ ಕ್ರಿಯೋಲ್ ಭಾಷೆಯಲ್ಲಿ ಏನೋ ಹೇಳಿ, ನನ್ನ ಕೈ ಸವರಿ, ಒಂದು ಹಣ್ಣು ಹೆಚ್ಚಿಗೆ ಹಾಕಿದಳು. ಆಕೆಗೆ ತಮಿಳಿನ ಒಂದಕ್ಷರವೂ ಬರದು. ದೇವರು ಬಂದಿದ್ದಾನೆ, ಕಾವಡಿ ಬಂದಿದೆ, ಭಾಷೆ ಮಾತ್ರ ಎಲ್ಲೋ ದಾರಿಯಲ್ಲಿ ಇಳಿದುಹೋಗಿದೆ.

ನಾಷ್ಟಾಕ್ಕೆ ಅಲ್ಲಿನವರು ಬನ್ನಿನಂಥ ಬ್ರೆಡ್ಡು ಸೀಳಿ, ಬೆಣ್ಣೆ ಸವರಿ, ನಡುವೆ ಕಡಲೆಬೇಳೆ ವಡೆ ಇಟ್ಟು ತಿನ್ನುತ್ತಾರೆ. ನಮ್ಮ ಆಂಬೊಡೆಯೇ, ಸಣ್ಣ ಗಾತ್ರದ್ದು. ಆಂಬೊಡೆಗೆ ಬೆಣ್ಣೆ ಹಚ್ಚುವುದನ್ನು ಅಮ್ಮ ನೋಡಿದ್ದರೆ ಎರಡು ದಿನ ಮಾತು ಬಿಡುತ್ತಿದ್ದಳು. ನಾನು ಎರಡನೆಯ ದಿನವೇ ಅದಕ್ಕೆ ಒಗ್ಗಿಹೋದೆ.

ಹಾಸ್ಟೆಲಿನಲ್ಲಿ ನನ್ನ ಕೋಣೆಗೆ ಜೊತೆಯಾದವಳು ಲಾಲಾ. ಮಡಗಾಸ್ಕರದ ಶಾಲೆಯೊಂದರಲ್ಲಿ ಇತಿಹಾಸ ಕಲಿಸುವವಳು, ನನ್ನದೇ ವಯಸ್ಸು. ಅವರಲ್ಲಿ ಮೂರು ಹೊತ್ತೂ ಅನ್ನವಂತೆ. ಇನ್ನೇನು ಬೇಕು ಎಂದು ಖುಷಿಯಾದೆ. ಮೊದಲ ಸಂಜೆ ಅವಳು ಅಡುಗೆಕೋಣೆಯಲ್ಲಿ ಅನ್ನ ಬಸಿದು ಬಟ್ಟಲಿಗೆ ಹಾಕಿ, ಪಾತ್ರೆಯನ್ನು ಒಲೆಯ ಮೇಲೇ ಬಿಟ್ಟು ಸ್ನಾನಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ತಳ ಹಿಡಿದು ಸೀದ ವಾಸನೆ. ಪಾಪ, ಮರೆತಿದ್ದಾಳೆ ಎಂದು ಓಡಿಹೋಗಿ ಒಲೆ ಆರಿಸಿದೆ. ಸೀದ ಅನ್ನವನ್ನು ಕೆರೆದು ಕಸದ ಬುಟ್ಟಿಗೆ ಹಾಕಿ, ಪಾತ್ರೆಯನ್ನು ಫಳಫಳ ಉಜ್ಜಿಟ್ಟು, ಹೊಗಳಿಕೆಗೆ ಕಾದು ಕುಳಿತೆ. ಲಾಲಾ ಬಂದು ಪಾತ್ರೆ ನೋಡಿದಳು, ಬುಟ್ಟಿ ನೋಡಿದಳು, ಆಮೇಲೆ ಗೋಡೆ ಹಿಡಿದುಕೊಂಡು ನಗತೊಡಗಿದಳು. ಅವರು ಬೇಕೆಂದೇ ತಳ ಸೀಯಿಸುತ್ತಾರೆ. ಅದಕ್ಕೆ ನೀರು ಹಾಕಿ ಕುದಿಸಿ, ಆ ನೀರನ್ನೇ ಊಟದ ಜೊತೆ ಕುಡಿಯುತ್ತಾರೆ. ಅದಿಲ್ಲದೆ ಊಟವೇ ಸೇರದಂತೆ. ಮರುದಿನ ಮತ್ತೆ ಮಾಡಿ ನನಗೂ ಕೊಟ್ಟಳು. ಹುರಿದ ಅಕ್ಕಿಯ ಘಮ, ಬಿಸಿಬಿಸಿ, ಚೆನ್ನಾಗಿಯೇ ಇತ್ತು.

ದಾಖಲೆಗಳ ಕಚೇರಿ

ದಾಖಲೆ ಇಡುವ ಕಚೇರಿಯೊಳಗೆ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಕೆಂಪು ಪೆನ್ನು ಇರುತ್ತದೆ. ಅದನ್ನು ಬಾಗಿಲಲ್ಲಿ ಕೊಡುವಾಗ ಪೊಲೀಸರು ಲಾಠಿ ಒಪ್ಪಿಸಿದ ಹಾಗೆ ಅನಿಸಿತು.

ಮೊದಲು ತೋರಿಸಿದ್ದು ಹಳೆಯ ಪತ್ರಿಕೆಗಳ ಪ್ರಕಟಣೆ. ಗುಲಾಮ ಓಡಿಹೋದರೆ ಒಡೆಯ ಪತ್ರಿಕೆಯಲ್ಲಿ ಹಾಕಿಸುತ್ತಿದ್ದ: ಇಂಥ ಹೆಸರು, ಇಂಥ ಅಂಗಿ, ಮೈಮೇಲೆ ಇಂಥ ಗಾಯದ ಗುರುತು, ಹಿಡಿದುಕೊಟ್ಟವರಿಗೆ ಬಹುಮಾನ. ಒಡೆಯ ಬೈದು ಬರೆದ ಇದರಲ್ಲಿ ಓಡಿಹೋದವನನ್ನು ಹುಡುಕಿ ಎಂದರು ಮಾರ್ಲಿನ್. ನೋಡುತ್ತಾ ಹೋದರೆ ಅವನಿಗೆ ಮೂರು ಭಾಷೆ ಬರುತ್ತಿತ್ತು, ಬಡಗಿ ಕೆಲಸ ಗೊತ್ತಿತ್ತು, ಹೆಂಡತಿ ಬೇರೆ ತೋಟದಲ್ಲಿದ್ದಳು, ಹಿಂದೆಯೂ ಒಮ್ಮೆ ಓಡಿದ್ದ ಎಂಬುದೆಲ್ಲ ಒಡೆಯನ ಬಾಯಿಂದಲೇ ಹೊರಬರುತ್ತದೆ. ಇನ್ನೊಂದು ಕಾಗದದಲ್ಲಿ ತೋಟದವನೊಬ್ಬ ತನ್ನ ಆಳುಗಳ ಮೇಲೆ ಗೊಣಗಿದ್ದಾನೆ. ಸೋಮಾರಿಗಳು, ಗುದ್ದಲಿ ಮುರಿಯುತ್ತಾರೆ, ಕಡಿಯುವ ಕಾಲಕ್ಕೇ ಹೊಟ್ಟೆನೋವು ಎಂದು ಮಲಗುತ್ತಾರೆ. ಇದು ಸೋಮಾರಿತನವೋ ಇನ್ನೇನೋ ಎಂದು ಕಾರ್ಖಾನೆ ಊರಿನ ನಮ್ಮ ಮಕ್ಕಳಿಗೆ ಕೇಳಿದರೆ ಸಾಕು, ಉತ್ತರ ಮನೆಯಿಂದಲೇ ಬರುತ್ತದೆ.

ಪಾಠಕ್ಕೆ ಒಳ್ಳೆಯ ಸಾಮಗ್ರಿ, ಸಂಶಯವಿಲ್ಲ. ಆದರೆ ಎಲ್ಲವೂ ಬೇರೆಯವರು ಬರೆದದ್ದು. ಗುಲಾಮರು ಸ್ವಂತ ಕೈಯಲ್ಲಿ ಬರೆದದ್ದು ಏನಾದರೂ ಇದೆಯೇ ಎಂದು ಮಾರ್ಲಿನ್‌ರನ್ನು ಕೇಳಿದೆ. ಅಕ್ಷರ ಕಲಿಯಲು ಬಿಟ್ಟಿದ್ದರೆ ತಾನೇ ಬರೆಯುವುದು ಎಂದರು. ಹೆಚ್ಚೆಂದರೆ ಹೇಳಿದ್ದು ಸಿಗುತ್ತದೆ, ಅದೂ ಗುಮಾಸ್ತನ ಕೈಯಿಂದ.

ಮಧ್ಯಾಹ್ನ ಕಾರ್ಯಾಗಾರದ ಕೊಠಡಿಯಲ್ಲಿ ಅಂಥದ್ದೊಂದನ್ನು ಟೈಪು ಮಾಡಿ ಎಲ್ಲರಿಗೂ ಹಂಚಿದರು. ರೋಸಲಿ ಎಂಬ ಹೆಂಗಸಿನ ಹೇಳಿಕೆ. ಕಬ್ಬಿನ ತೋಟವೊಂದರ ಗುಲಾಮಳು. ಅಪ್ಪಣೆಯಿಲ್ಲದೆ ತೋಟ ಬಿಟ್ಟು, ನಡೆದುಕೊಂಡೇ ಪಟ್ಟಣಕ್ಕೆ ಬಂದು, ಗುಲಾಮರ ದೂರು ಕೇಳಲೆಂದು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಅಧಿಕಾರಿಯ ಮುಂದೆ ನಿಂತಿದ್ದಾಳೆ. ತೋಟದ ಮೇಲ್ವಿಚಾರಕ ತನಗೆ ಹೊಡೆದ, ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದ, ಭಾನುವಾರವೂ ಬಿಡುವು ಕೊಡಲಿಲ್ಲ ಎಂದು ಹೇಳಿದ್ದಾಳೆ. ನಡುವೆ, ತನ್ನ ಗುಡಿಸಲ ಹಿಂದೆ ಬೆಳೆದ ಕುಂಬಳಕಾಯಿಯನ್ನು ಅವನು ಕಡಿದುಹಾಕಿದ, ಅದಿನ್ನೂ ಬಲಿತಿರಲಿಲ್ಲ, ಬೀಜ ಕೊಟ್ಟ ಮುದುಕಿ ಈಗ ಬದುಕಿಲ್ಲ ಎಂಬ ಮಾತು. ಕೊನೆಗೆ, ಇನ್ನೇನಾದರೂ ಹೇಳುವುದಿದೆಯೇ ಎಂದರೆ ಮತ್ತೆ ಅದೇ, ಕುಂಬಳಕಾಯಿ ಬಲಿತಿರಲಿಲ್ಲ. ದೂರಿಗೆ ಆಧಾರವಿಲ್ಲ ಎಂದು ಬರೆದು ಅಧಿಕಾರಿ ಅವಳನ್ನು ಅದೇ ತೋಟಕ್ಕೆ ವಾಪಸು ಕಳಿಸಿದ್ದಾನೆ. ಅಲ್ಲಿಗೆ ಕಾಗದ ಮುಗಿಯುತ್ತದೆ.

ಓದುತ್ತಾ ಓದುತ್ತಾ ನನ್ನ ಕೈ ತನ್ನ ಪಾಡಿಗೆ ಬ್ಯಾಗಿನಿಂದ, ಕಚೇರಿಯ ಬಾಗಿಲಲ್ಲಿ ವಾಪಸು ಸಿಕ್ಕಿದ್ದ ಕೆಂಪು ಪೆನ್ನು ತೆಗೆದಿತ್ತು. ವರ್ಷವರ್ಷವೂ ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆ ತಿದ್ದಿದ ಕೈ. ಮೌಲ್ಯಮಾಪನಕ್ಕೆ ಕೂತರೆ ಮಾದರಿ ಉತ್ತರದಲ್ಲಿ ಇರುವ ಅಂಶಗಳಿಗೆ ಅಂಕ, ಉಳಿದದ್ದಕ್ಕೆ ಅಡ್ಡಗೆರೆ. ಹೊಡೆತ, ಕೂಡಿಹಾಕಿದ್ದು, ಭಾನುವಾರ, ಇವಕ್ಕೆ ಸರಿ ಗುರುತು ಹಾಕಿದೆ. ಕುಂಬಳಕಾಯಿಯ ಸಾಲುಗಳ ಮೇಲೆ ಗೆರೆ ಎಳೆದು ಪಕ್ಕದಲ್ಲಿ 'ಅನಗತ್ಯ' ಎಂದು ಬರೆದೆ. ಕೊನೆಯಲ್ಲಿ ಮತ್ತೆ ಬಂದಾಗ 'ಪುನರಾವರ್ತನೆ'. ಪಕ್ಕದಲ್ಲಿದ್ದ ಲಾಲಾ ಬಗ್ಗಿ ನೋಡಿ, ಸತ್ತವಳಿಗೆ ಎಷ್ಟು ಅಂಕ ಕೊಟ್ಟೆ ಎಂದು ಕೇಳಿದಳು. ಹತ್ತಕ್ಕೆ ಆರು ಎಂದು ಬಾಯಿಂದ ಬಂದೇಬಿಟ್ಟಿತು. ಕೊಠಡಿಯೆಲ್ಲ ನಕ್ಕಿತು, ನಾನೂ ನಕ್ಕೆ.

ಈ ಅಭ್ಯಾಸ ನನಗೆ ಶಾಲೆಗಿಂತ ಮೊದಲೇ ಮನೆಯಲ್ಲಿ ಬಂದದ್ದು. ನನ್ನ ಅಪ್ಪ ಶಿವಮೊಗ್ಗದ ತಾಲ್ಲೂಕು ಕಚೇರಿಯ ಎದುರು ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುತ್ತಿದ್ದರು. ಹಳ್ಳಿಯವರು ಬಂದು ಗಂಟೆಗಟ್ಟಲೆ ಹೇಳಿಕೊಂಡರೆ ಅಪ್ಪನ ಕೈಯಲ್ಲಿ ಅದು ಅರ್ಧ ಪುಟ ಆಗುತ್ತಿತ್ತು. ಸನ್ನಿಧಾನಕ್ಕೆ ವಿಜ್ಞಾಪಿಸಿಕೊಳ್ಳುವುದೇನೆಂದರೆ ಎಂದು ಶುರುವಾಗಿ ಅಂಶಗಳು ಒಂದರ ಕೆಳಗೊಂದು. ಒಂದು ಸಲ ಜಮೀನಿನ ದಾರಿಯ ತಕರಾರಿಗೆ ಬಂದ ಮುದುಕಿಯೊಬ್ಬಳು, ಆ ದಾರಿಯಲ್ಲಿದ್ದ ತನ್ನ ಹಲಸಿನ ಮರದ ವಿಷಯವನ್ನೂ ಬರೆಯಬೇಕೆಂದು ಹಠ ಹಿಡಿದಳು. "ಅದೆಲ್ಲ ಬೇಡಮ್ಮ, ಸಾಹೇಬ್ರು ಓದಲ್ಲ" ಎಂದರು ಅಪ್ಪ. ಬರೆಯದೆ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಆಕೆ ಎದ್ದು ಹೋಗಿ ಇನ್ನೊಂದು ಮೇಜಿನ ಮುಂದೆ ಕೂತಳು. ಎಂಥ ಮೊಂಡು ಹೆಂಗಸು ಎಂದು ಅಪ್ಪ ಮನೆಯಲ್ಲಿ ಎಷ್ಟೋ ದಿನ ಹೇಳಿಕೊಂಡು ನಗುತ್ತಿದ್ದರು. ನಾನು ಲಾಲಾಗೂ ಅದನ್ನು ತಮಾಷೆಯಾಗಿಯೇ ಹೇಳಿದೆ. ಅವಳು ಈ ಸಲ ನಗಲಿಲ್ಲ. ಆ ಮುದುಕಿಗೆ ಕೊನೆಗೆ ಏನಾಯಿತು ಎಂದು ಕೇಳಿದಳು. ಅಪ್ಪನ ಕಥೆಯಲ್ಲಿ ಅದು ಇರಲಿಲ್ಲ.

ಲೆ ಮಾರ್ನ್

ದ್ವೀಪದ ನೈರುತ್ಯ ಮೂಲೆಯಲ್ಲಿ ಸಮುದ್ರಕ್ಕೆ ಅಂಟಿಕೊಂಡು ಒಂದು ಬೆಟ್ಟ ಇದೆ. ಹೆಸರು ಲೆ ಮಾರ್ನ್. ಓಡಿಹೋದ ಗುಲಾಮರು ಅಡಗುತ್ತಿದ್ದ ಜಾಗ. ಮೂರು ಕಡೆ ಕಡಿದಾದ ಬಂಡೆ, ಮೇಲೆ ಸಮತಟ್ಟು. ಗುಲಾಮಗಿರಿ ರದ್ದಾಯಿತು ಎಂದು ಹೇಳಲು ಪೊಲೀಸರು ಬೆಟ್ಟ ಹತ್ತುತ್ತಿದ್ದಾಗ, ಹಿಡಿಯಲು ಬಂದರು ಎಂದುಕೊಂಡು ಮೇಲಿದ್ದವರು ಕೆಳಗೆ ಹಾರಿದರು ಎಂದು ಅಲ್ಲಿನವರು ಹೇಳುತ್ತಾರೆ. ಇದಕ್ಕೆ ಬರೆದಿಟ್ಟ ಆಧಾರ ಸಿಕ್ಕಿಲ್ಲ. ಬಾಯಿಂದ ಬಾಯಿಗೆ ಬಂದದ್ದು ಎಂದು ಮಾರ್ಲಿನ್ ಮೊದಲೇ ಹೇಳಿದರು. ನಿಮ್ಮ ಮಕ್ಕಳು ಇದು ನಿಜವೇ ಎಂದು ಕೇಳಿದರೆ ಏನು ಹೇಳುತ್ತೀರಿ ಎಂದು ನಮ್ಮನ್ನೇ ಕೇಳಿದರು. ಎಲ್ಲರೂ ಒಂದೊಂದು ಉತ್ತರ ಕೊಟ್ಟರು. ನನಗೆ ಸೆಲ್ವಿಯ ಮುಖ ನೆನಪಾಗಿ ಯಾವ ಉತ್ತರವೂ ಸಾಕು ಎನಿಸಲಿಲ್ಲ.

ಉಳಿದವರು ಬೂಟು ಹಾಕಿಕೊಂಡು ಬಂದಿದ್ದರು. ನಾನು ಮಾತ್ರ, ಗುಡ್ಡ ಎಷ್ಟು ನೋಡಿಲ್ಲ ಎಂಬ ಜಂಬದಲ್ಲಿ ಚಪ್ಪಲಿಯಲ್ಲೇ ಹೊರಟಿದ್ದೆ. ಅರ್ಧ ದಾರಿಗೆ ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ಸೀರೆಯ ಪಿನ್ನು ಚುಚ್ಚಿದೆ, ನಾಲ್ಕು ಹೆಜ್ಜೆಗೆ ಅದೂ ಸೋತಿತು. ಲಾಲಾ ಮೇಲೆ ಹೋಗದೆ ನನ್ನ ಜೊತೆ ಬಂಡೆಯ ಮೇಲೆ ಕುಳಿತಳು. ಕೆಳಗೆ ಸಮುದ್ರ ಹಸಿರು, ನೀಲಿ ಎರಡೂ ಆಗಿತ್ತು. ಕಣ್ಣಿಗೆ ಎಷ್ಟು ಚೆಂದವೋ ಆ ಕಥೆಗೆ ಅಷ್ಟೇ ಹೊಂದದ ಸಮುದ್ರ.

ಅಲ್ಲಿ ಕೂತು ಲಾಲಾ ತನ್ನ ಮನೆಯ ವಿಷಯ ಹೇಳಿದಳು. ಅವರಲ್ಲಿ ಪ್ರತಿ ಮನೆತನಕ್ಕೂ ಹಿರಿಯರ ಗೋರಿ ಇರುತ್ತದೆ. ಹೊಸಬರು ಸಿಕ್ಕರೆ ನಿಮ್ಮ ಗೋರಿ ಎಲ್ಲಿ ಎಂದು ಕೇಳುತ್ತಾರಂತೆ. ಗುಲಾಮರಾಗಿದ್ದವರ ಮಕ್ಕಳಿಗೆ ತೋರಿಸಲು ಹಳೆಯ ಗೋರಿ ಇರುವುದಿಲ್ಲ. ಅವಳ ತಾಯಿಯ ಕಡೆಯವರು ಆಳು ಇಟ್ಟುಕೊಂಡಿದ್ದವರು, ತಂದೆಯ ಕಡೆಯವರು ಆಳಾಗಿದ್ದವರು. ಮದುವೆ ಮನೆಯಲ್ಲಿ ಎರಡನ್ನೂ ಯಾರೂ ಎತ್ತುವುದಿಲ್ಲ. ನಿಮ್ಮಲ್ಲಿ ಹೇಗೆ ಎಂದಳು. ನಮ್ಮಲ್ಲಿ ಗೋರಿ ಕೇಳುವುದಿಲ್ಲ, ನೀವು ಯಾವ ಕಡೆಯವರು ಎಂದು ಕೇಳುತ್ತಾರೆ, ಉತ್ತರ ಸಾಲದಿದ್ದರೆ ಮನೆಯ ಹೆಸರು ಕೇಳುತ್ತಾರೆ ಎಂದೆ. ಜೀತದ ವಿಷಯವನ್ನೂ ಹೇಳಿದೆ. ನನ್ನ ಅಜ್ಜಿಯ ಮನೆಯಲ್ಲಿ ಜೀತಕ್ಕಿದ್ದವರ ಹೆಸರು ಯಾವ ಕಾಗದದಲ್ಲೂ ಇಲ್ಲ ಎಂದು ಹೇಳುವಾಗ ನಾಚಿಕೆಯಾಯಿತು.

ಸೆಲ್ವಿಗೆ ಕೊಟ್ಟ ಮಾತಿನ ವಿಷಯವನ್ನೂ ಹೇಳಿಕೊಂಡೆ. ನಾಳೆ ಬಿಟ್ಟು ನಾಡಿದ್ದು ಹೊರಡಬೇಕು, ಕೈಯಲ್ಲಿ ಇರುವುದು ಗುಮಾಸ್ತ ಬರೆದ ಕಾಗದ. ಇಲ್ಲ ಎನ್ನುವುದನ್ನು ಇಲ್ಲ ಎಂದೇ ಹೇಳು, ಅದೂ ಇತಿಹಾಸವೇ ಎಂದಳು ಲಾಲಾ. ಸರಿಯಾದ ಮಾತು. ಆದರೆ ಒಂಬತ್ತನೇ ತರಗತಿಯ ಮುಂದೆ ಖಾಲಿ ಕೈಯಲ್ಲಿ ನಿಂತುಕೊಳ್ಳುವುದು ಅವಳಲ್ಲ, ನಾನು. ಇಳಿಯುವಾಗ ಅವಳು ತನ್ನ ತಲೆಗೂದಲ ರಬ್ಬರ್ ಬ್ಯಾಂಡು ಬಿಚ್ಚಿ ನನ್ನ ಕಾಲಿಗೆ ಚಪ್ಪಲಿ ಬಿಗಿದು ಕಟ್ಟಿದಳು. ಊರು ತಲುಪುವವರೆಗೂ ಅದೇ ಇತ್ತು.

ದಾರಿಯಲ್ಲಿ, ಆಮೇಲೆ ಶಿವಮೊಗ್ಗ

ರೋಸಲಿಯ ಹೇಳಿಕೆಯನ್ನು ವಿಮಾನದಲ್ಲೇ ಕನ್ನಡಕ್ಕೆ ಮಾಡತೊಡಗಿದೆ. ಅವಳು ಹೇಳಿದ್ದು ಕ್ರಿಯೋಲಿನಲ್ಲಿ, ಗುಮಾಸ್ತ ಬರೆದದ್ದು ಇಂಗ್ಲಿಷಿನಲ್ಲಿ, ಈಗ ಅದು ಕನ್ನಡಕ್ಕೆ ಬರಬೇಕು. ಮೊದಲ ಸಾಲಿನಲ್ಲೇ ನಿಂತೆ. ಗುಲಾಮಳು ಎನ್ನಲೋ, ದಾಸಿ ಎನ್ನಲೋ? ದಾಸಿ ಎಂದರೆ ಪುರಾಣದ ವಾಸನೆ ಬರುತ್ತದೆ. ತೊತ್ತು ಎಂಬ ಮಾತು ನೆನಪಾಯಿತು. ನಾನೇನು ನಿಮ್ಮನೆ ತೊತ್ತಾ ಎಂದು ನಮ್ಮಲ್ಲಿ ಸಿಟ್ಟು ಬಂದ ಪ್ರತಿ ಹೆಂಗಸೂ ಒಂದಲ್ಲ ಒಂದು ದಿನ ಕೇಳಿರುತ್ತಾಳೆ. ನಾನೂ ಕೇಳಿದ್ದೇನೆ. ಕೇಳಿ ಒಳಗೆ ಹೋಗಿ ಕಾಫಿ ಮಾಡಿದ್ದೇನೆ. ರೋಸಲಿಗೆ ಆ ಪ್ರಶ್ನೆ ಕೇಳುವ ಸವಲತ್ತೂ ಇರಲಿಲ್ಲ. ಕಡೆಗೆ ಗುಲಾಮ ಹೆಂಗಸು ಎಂದೇ ಬರೆದೆ.

ಮನೆಗೆ ಬಂದು ಕೂತು ಪೂರ್ತಿ ಮಾಡಿದರೆ ಎರಡು ಪುಟದ ಮೇಲೆ ಬಂತು. ಒಂದು ಪೀರಿಯಡ್ಡಿನಲ್ಲಿ ಓದಿ, ಪ್ರಶ್ನೆ ಕೇಳಿ, ಉತ್ತರ ಬರೆಸಬೇಕು. ಒಂದು ಪುಟಕ್ಕೆ ಇಳಿಸದಿದ್ದರೆ ಆಗದು. ನನ್ನ ಕೆಂಪು ಗೆರೆಗಳು ಇದ್ದೇ ಇದ್ದವಲ್ಲ, ಕೆಲಸ ಸುಲಭವಾಯಿತು. ಕುಂಬಳಕಾಯಿಯನ್ನು ಎರಡೂ ಕಡೆ ಕೈಬಿಟ್ಟೆ. ಹೊಡೆತ, ಕೋಣೆ, ಭಾನುವಾರ, ಅಧಿಕಾರಿಯ ತೀರ್ಪು, ಎಲ್ಲ ಅಚ್ಚುಕಟ್ಟಾಗಿ ಒಂದು ಪುಟದಲ್ಲಿ ಕೂತವು. ಅಪ್ಪ ನೋಡಿದ್ದರೆ ಮೆಚ್ಚುತ್ತಿದ್ದರು. ಸವಳಂಗ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ತರಗತಿಗೆ ಬೇಕಾದಷ್ಟು ಪ್ರತಿ ತೆಗೆಸಿದೆ.

ಭದ್ರಾವತಿ: ಒಂಬತ್ತನೇ ತರಗತಿ

ಮಾರಿಷಸ್ಸಿನ ಚಾಕೊಲೇಟು ಹಂಚಿದ ಮೇಲೆಯೇ ಪಾಠ. ಮೊದಲೇ ಹೇಳಿಬಿಟ್ಟೆ, ಅವರು ಸ್ವಂತ ಕೈಯಲ್ಲಿ ಬರೆದದ್ದು ಸಿಗಲಿಲ್ಲ, ಒಬ್ಬಳು ಹೇಳಿದ್ದನ್ನು ಗುಮಾಸ್ತ ಬರೆದುಕೊಂಡದ್ದು ಇದು ಎಂದು. ಕನ್ನಡದ ಪುಟ ಎಲ್ಲರಿಗೂ ಕೊಟ್ಟು, ನೋಡಲಿ ಎಂದು ಇಂಗ್ಲಿಷಿನ ಹಾಳೆಯನ್ನೂ ಬೆಂಚಿನಿಂದ ಬೆಂಚಿಗೆ ದಾಟಿಸಲು ಹೇಳಿದೆ.

ಪಾಠ ಚೆನ್ನಾಗಿಯೇ ನಡೆಯಿತು. ಅಪ್ಪಣೆಯಿಲ್ಲದೆ ಬಂದದ್ದೇ ಎದುರು ನಿಂತ ಹಾಗೆ ಎಂದು ಒಬ್ಬ ಹೇಳಿದ. ದೂರು ಕೊಟ್ಟರೂ ವಾಪಸು ಅಲ್ಲಿಗೇ ಕಳಿಸಿದರಲ್ಲ, ಆಮೇಲೆ ಅವಳನ್ನು ಏನು ಮಾಡಿರಬಹುದು ಎಂದು ಇನ್ನೊಬ್ಬಳು ಕೇಳಿದಳು. ಕಾಗದ ಅಲ್ಲಿಗೇ ಮುಗಿಯುತ್ತದೆ ಎಂದೆ. ನಾನು ಬೋರ್ಡಿನ ಮೇಲೆ ಅಂಶಗಳನ್ನು ಬರೆಯುತ್ತಿದ್ದೆ. ಆಗ ಸೆಲ್ವಿಯ ದನಿ ಕೇಳಿತು. ಇಂಗ್ಲಿಷ್ ಹಾಳೆ ಅವಳ ಬೆಂಚಿಗೆ ಬಂದಿತ್ತು.

"ಮಿಸ್, ಇಲ್ಲಿ ಕೆಂಪು ಗೆರೆ ಹೊಡೆದಿದೆ. ಇದು ನಮ್ಮ ಪೇಪರಲ್ಲಿ ಇಲ್ಲ. ಯಾರು ಹೊಡೆದಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನನ್ನ ಕೈ ಮೇಜಿನ ಮೇಲಿದ್ದ ಕೆಂಪು ಪೆನ್ನಿನ ಕಡೆಗೆ ಹೋಯಿತು. ನಾನೇ ಎಂದೆ. ಏನಿದೆ ಅಲ್ಲಿ ಎಂದಳು. ಹಾಳೆ ಇಸಿದುಕೊಂಡು ಆ ಸಾಲುಗಳನ್ನು ಕನ್ನಡದಲ್ಲಿ ಹೇಳಿದೆ. ಕುಂಬಳಕಾಯಿ ಎಂದ ಕೂಡಲೇ ತರಗತಿ ಗೊಳ್ಳೆಂದು ನಕ್ಕಿತು. ಬೀಜ ಕೊಟ್ಟ ಮುದುಕಿ ಈಗ ಬದುಕಿಲ್ಲ ಎನ್ನುವಾಗ ನಗು ನಿಂತಿತು. ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದ್ದಕ್ಕೂ ಅವಳು ಅದನ್ನೇ ಹೇಳಿದಳು, ಬಲಿತಿರಲಿಲ್ಲ ಎಂದಳು ಎಂದೆ.

ಪವಿತ್ರಾ ಎಂಬ ಹುಡುಗಿ ಇದ್ದಾಳೆ, ಮನೆಯವರು ಊರಾಚೆ ಹೊಲ ಮಾಡುತ್ತಾರೆ. ಅವಳು ತನಗೆ ತಾನೇ ಎಂಬಂತೆ ಹೇಳಿದಳು: "ಎಳೆಕಾಯಿ ಕಡಿದ್ರೆ ಬೀಜ ಆಗಲ್ಲ ಮಿಸ್. ಒಣಗಿಸಿ ಇಟ್ರೂ ಹುಟ್ಟಲ್ಲ."

ಈ ಕಾಗದವನ್ನು ನಾನು ಎಷ್ಟು ಸಲ ಓದಿದ್ದೆ. ಶಿವಮೊಗ್ಗದಲ್ಲಿ ನಮ್ಮ ಮನೆಯ ಹಿತ್ತಿಲಲ್ಲೂ ಕುಂಬಳದ ಬಳ್ಳಿ ಇತ್ತು. ಅಮ್ಮ ಬೂದಿ ಹಚ್ಚಿ ಬೀಜ ಒಣಗಿಸುತ್ತಿದ್ದದ್ದನ್ನು ನೋಡುತ್ತಲೇ ಬೆಳೆದವಳು ನಾನು. ಆದರೂ ಹೊಳೆದಿರಲಿಲ್ಲ. ಆ ಮುದುಕಿ ಹೋದಳು, ಅವಳು ಕೊಟ್ಟ ಬೀಜದಲ್ಲಿ ಉಳಿದಿದ್ದದ್ದು ಅದೊಂದು ಕಾಯಿ, ಅದನ್ನೂ ಬಲಿಯಲು ಬಿಡಲಿಲ್ಲ. ಅದನ್ನು ಹೇಳಲು ರೋಸಲಿ ಅಷ್ಟು ದೂರ ನಡೆದಿದ್ದಳು. ನಾನು ಬೋರ್ಡಿನ ಕಡೆಗೆ ತಿರುಗಿದೆ.

ಬೆನ್ನ ಹಿಂದೆ ಸೆಲ್ವಿ ಹೇಳಿದಳು: "ಹೊಡೆದಿದ್ದು, ಕೂಡಿಹಾಕಿದ್ದು ಎಲ್ಲಾ ಅಲ್ಲಿ ಎಲ್ರಿಗೂ ಆಗಿರತ್ತೆ ಮಿಸ್. ಇದು ಅವಳೊಬ್ಬಳದೇ. ನಾನು ಕೇಳಿದ್ದು ಇದನ್ನೇ. ನೀವು ತಂದಿದೀರ."

ಬೋರ್ಡಿನ ಮೇಲಿದ್ದ ನನ್ನ ಅಂಶಗಳನ್ನು ಅಳಿಸಿದೆ. ನಡುವೆ ದೊಡ್ಡದಾಗಿ ಒಂದೇ ಸಾಲು ಬರೆದೆ: ಕುಂಬಳಕಾಯಿ ಇನ್ನೂ ಬಲಿತಿರಲಿಲ್ಲ. ಬರೆದು ಮುಗಿಸುವುದಕ್ಕೂ ಬೆಲ್ಲು ಹೊಡೆಯುವುದಕ್ಕೂ ಸರಿಹೋಯಿತು. ಡಸ್ಟರ್ ಕಡೆ ಕೈ ಹಾಕಿದರೆ ಮುಂದಿನ ಬೆಂಚಿನವರು ಬೇಡ ಎಂದು ತಲೆಯಾಡಿಸಿದರು. ಹಾಗೇ ಬಿಟ್ಟು ಬಂದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಶ್ರೀಧರ ಮೇಷ್ಟ್ರು ಎದುರು ಬಂದರು. ಕೈಯೆಲ್ಲ ಸೀಮೆಸುಣ್ಣ. ಇವತ್ತು ಬೈಸಿಕೊಳ್ಳುವುದು ಖಂಡಿತ ಎಂದುಕೊಂಡೆ. ಬೋರ್ಡು ಒರೆಸಲು ಅವರು ಒದ್ದೆ ಬಟ್ಟೆ ಎತ್ತಿದ್ದೇ ತಡ, ಸೆಲ್ವಿ ಎದ್ದು ನಿಂತಳಂತೆ. ಅವಳ ಹಿಂದೆ ಪವಿತ್ರಾ, ಆಮೇಲೆ ತರಗತಿಯ ಎಲ್ಲರೂ. ಯಾರೂ ಜೋರು ಮಾಡಲಿಲ್ಲ, ಸುಮ್ಮನೆ ನಿಂತಿದ್ದರಂತೆ. ಅವರು ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಮತ್ತೆ ಏನ್ ಮಾಡಿದ್ರಿ?" ಎಂದು ಕೇಳಿದೆ.

ಮೇಷ್ಟ್ರು ಡಬ್ಬಿಯ ಮುಚ್ಚಳ ತೆಗೆಯುತ್ತಾ, "ಏನ್ ಮಾಡೋದು ಮೇಡಂ, ಪಕ್ಕದಲ್ಲಿ ಉಳಿದ ಜಾಗದಲ್ಲೇ ಲೆಕ್ಕ ಮಾಡ್ದೆ" ಅಂದರು.